ತಾತನ ಬೀಡಿಯೂ ನನ್ನ ಕಲಾಭ್ಯಾಸವೂ

ಮಹಾಲಯ ಅಮಾವಾಸ್ಯೆ ಹತ್ತಿರವಾಗಿದ್ದ ಆ ಸಂಜೆ ಹನೂರಿನ ನಮ್ಮ ಮನೆಯ ನಡುಮನೆಯಲ್ಲಿದ್ದವರು ಇವರು: ಹೂಗ್ಯಂನಿಂದ ಬಂದು ಇನ್ನೂ ಕಾಲು ಕೂಡ ತೊಳೆಯದ ನನ್ನ ಸೋದರತ್ತೆ ಕೆಂಪಮ್ಮ, ಕಾಫಿ ಲೋಟ ಹಿಡಿದು ನಿಂತ ನನ್ನ ಹೆಂಡತಿ, ಜಗಳವೇನಾದರೂ ಆದೀತೆಂಬ ಆಸೆಯಿಂದ ಬಾಗಿಲಿಗೊರಗಿದ್ದ ನನ್ನ ತಮ್ಮ ಮಾದೇವ, ಅಪರಾಧಿಯ ಜಾಗದಲ್ಲಿ ನಾನು, ಮತ್ತು ಗೋಡೆಯ ಮೇಲೆ ಫೋಟೊದ ಕಟ್ಟಿನೊಳಗೆ ನಮ್ಮ ತಾತ. ಅತ್ತೆ ತಾತನನ್ನು ನೋಡಿದರು. ಕಣ್ಣು ಕಿರಿದು ಮಾಡಿ ಮತ್ತೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಯಾವೂರ್ ಮೇಷ್ಟ್ರುಲಾ ಇವ್ನು?" ಅಂದರು.

ನೀವೇ ಹೇಳಿ, ಹೊಟ್ಟೆ ಉರಿಯುವುದಿಲ್ಲವೇ? ಆ ಚಿತ್ರಕ್ಕಾಗಿ ನಾನು ಪಟ್ಟ ಪಾಡು ಇವರಿಗೇನು ಗೊತ್ತು! ನನ್ನದು ರಸಗೊಬ್ಬರದ ಅಂಗಡಿ. ಹೊಸ ಬೀಜ ಬಂದಾಗ ರೈತರ ಮೊಬೈಲಿಗೆ ಒಂದು ಚೆಂದದ ಚಿತ್ರ ಕಳಿಸೋಣವೆಂದು ಕೊಳ್ಳೇಗಾಲದ ಭಾನುವಾರದ ಚಿತ್ರಕಲಾ ತರಗತಿಗೆ ಸೇರಿದ್ದೆ. ಅಲ್ಲಿ ಕಂಪ್ಯೂಟರಿನಲ್ಲಿ ಫೋಟೊ ತಿದ್ದುವುದನ್ನೂ ಕಲಿಸುತ್ತಾರೆ. ಯಳಂದೂರಿನವಳಾದ ನನ್ನ ಹೆಂಡತಿ, "ನಮ್ಮೂರ ಕಡೆ ಈ ವಯಸ್ಸಿನೋರು ಮೊಮ್ಮಕ್ಕಳನ್ನ ಸ್ಕೂಲಿಗೆ ಬಿಟ್ಟುಬರ್ತಾರೆ, ತಾವೇ ಹೋಗಿ ಕೂತ್ಕೊಳ್ಳಲ್ಲ" ಅಂದಳು. ಯಳಂದೂರಿನವರಿಗೆ ಕಲೆ ಬೇಡವೆಂದರೆ ನಾನೇನು ಮಾಡಲಿ? ಸಿಂಧು ಮೇಡಂ, ನನ್ನ ಮಗಳ ವಯಸ್ಸಿನವರು, ಬಹಳ ಸಹನೆಯಿಂದ ಕಲಿಸಿದರು. ಮೊದಲ ವಾರ ನನ್ನದೇ ಫೋಟೊದ ಹಣೆಯ ಮೇಲಿನ ಕಲೆ ಒರೆಸಲು ಹೋಗಿ ಹುಬ್ಬನ್ನೂ ಒರೆಸಿಕೊಂಡೆ. ಒಂದರ ಮೇಲೊಂದು ಗಾಜು ಇಟ್ಟ ಹಾಗೆ ಚಿತ್ರದ ಮೇಲೆ ಪದರ ಹಾಕಿ ಕೆಲಸ ಮಾಡಬೇಕು ಅಂದರು. ನಾನು ಯಾವ ಪದರದ ಮೇಲೆ ನಿಂತಿದ್ದೇನೆಂಬುದು ನನಗೆ ಕೊನೆಯವರೆಗೂ ತಿಳಿಯಲಿಲ್ಲ.

ಕಲಿತದ್ದನ್ನು ಮನೆಯ ಫೋಟೊ ಒಂದರ ಮೇಲೆ ಪ್ರಯೋಗಿಸಿ ಅಂದಾಗ ತಾತನನ್ನು ಒಯ್ದೆ. ಇದ್ದದ್ದೇ ಆ ಒಂದು ಫೋಟೊ. ಗೆದ್ದಲು ಅಂಚು ತಿಂದಿತ್ತು. ತಾತ ಕುರ್ಚಿಯ ತುದಿಯಲ್ಲಿ ಕೂತಿದ್ದರು, ಬಲಗೈ ಬೆರಳುಗಳ ನಡುವೆ ಒಂದು ಬೀಡಿ. "ಚಿತ್ರಕ್ಕೆ ಬೇಡವಾದ್ದನ್ನ ತೆಗೆಯೋದೂ ಸೃಷ್ಟಿನೇ ಸಾರ್" ಅಂದರು ಮೇಡಂ. ವರ್ಷಕ್ಕೊಮ್ಮೆ ಎಡೆಯ ಮುಂದೆ ಕೂರುವ ಹಿರಿಯರಿಗೆ ಬೀಡಿ ಯಾಕೆ? ತೆಗೆದೆ. ತೆಗೆದ ಮೇಲೆ ತಾತ ಎರಡು ಬೆರಳೆತ್ತಿ ಯಾರನ್ನೋ ಕರೆಯುತ್ತಿರುವಂತೆ ಕಂಡರು. "ಆ ಖಾಲಿ ಜಾಗ ಏನು ಕೇಳ್ತಿದೆ, ಕಿವಿಗೊಡಿ" ಅಂದರು ಮೇಡಂ. ಕಿವಿಗೊಟ್ಟೆ. ಫ್ಯಾನಿನ ಸದ್ದು ಬಿಟ್ಟರೆ ಏನೂ ಕೇಳಿಸಲಿಲ್ಲ. ಕೊನೆಗೆ ಒಂದು ಪೆನ್ನು ಹಿಡಿಸಿದೆ. ತರಗತಿಯವರೆಲ್ಲ ಚಪ್ಪಾಳೆ ತಟ್ಟಿದರು. ಆ ಉತ್ಸಾಹದಲ್ಲಿ ಕಂಪ್ಯೂಟರಿನಲ್ಲಿ ಹಳೆಯ ಚಿತ್ರದ ಮೇಲೆಯೇ ಹೊಸದನ್ನು ಉಳಿಸಿದೆ, ಹಳೆಯದು ಅಳಿಸಿಹೋಯಿತು. ಮನೆಗೆ ಬಂದು ಕಟ್ಟಿನೊಳಗೆ ಹಳೆಯ ಫೋಟೊದ ಮೇಲೆಯೇ ಹೊಸದನ್ನು ಗೋಂದು ಹಾಕಿ ಬಲವಾಗಿ ಅಂಟಿಸಿದೆ.

"ನಮ್ಮಪ್ಪ ಎಬ್ಬೆಟ್ ಒತ್ತೋನು ಕಣ್ಲಾ" ಅತ್ತೆ ಅಲ್ಲೇ ನೆಲಕ್ಕೆ ಕೂತರು. "ಪೆನ್ನು ಇಡ್ಕಂಡು ಯಾವ್ ಕಾಗ್ದ ಬರೀತಾವ್ನೆ ಅವ್ನು? ಅಬ್ಬದ್ ದಿನ ಬಂದು ತನ್ ಮೊಕ ತಾನೇ ಗುರ್ತು ಇಡೀದೆ ಪಕ್ಕದ್ ಮನೆಗೆ ಓದ್ರೆ ಏನ್ಲಾ ಮಾಡೀಯೆ?"

"ಪಕ್ಕದ ಮನೇಲಿ ಕೋಳಿಸಾರು ಚೆನ್ನಾಗಿ ಮಾಡ್ತಾರೆ, ಓಗ್ಲಿ ಬುಡತ್ತೆ" ಅಂದ ಮಾದೇವ.

"ಮುಚ್ಲಾ ಬಾಯ! ಈ ಮೇಷ್ಟ್ರಿಗೆ ನಾನು ಎಡೆ ಮಡಗಾಕಿಲ್ಲ. ನಾಳೆ ಬಸ್ಸಿಗೆ ನಮ್ಮೂರ್ಗೆ ಓಯ್ತೀನಿ. ಒಂದ್ ಕಟ್ಟು ಬೀಡಿ ಮಡಗ್ಬುಟ್ಟು ಅದ್ಕೇ ಕೈ ಮುಗಿತೀನಿ."

ಇದು ಬರೀ ಬೆದರಿಕೆಯಲ್ಲ. ಅಪ್ಪ ತೀರಿಕೊಂಡ ಮೇಲೆ ತಾತನ ಎಡೆಗೆ ಮೊದಲ ತುತ್ತು ಬಡಿಸುವವರು ಅತ್ತೆಯೇ. ಅವರು ಹೋದರೆ ನಮ್ಮ ಮನೆಯಲ್ಲಿ ಹಬ್ಬವೇ ಇಲ್ಲ. ಹಳೆಯದನ್ನು ಬಿಡಿಸಲು ನೀರು ಹಾಕಿದೆ. ಮೇಲಿನ ಮೇಷ್ಟ್ರೂ ಕೆಳಗಿನ ತಾತನೂ ಒಟ್ಟಿಗೇ ಮುದ್ದೆಯಾದರು. ಇನ್ನುಳಿದದ್ದು ಒಂದೇ ದಾರಿ. ತೆಗೆದ ಬೀಡಿಯನ್ನು ನಾನೇ ಮತ್ತೆ ಬಿಡಿಸಬೇಕು!

ಮಾದೇವನ ಕೈಗೆ ಒಂದು ಬೀಡಿ ಕೊಟ್ಟು ಮೊಬೈಲಿನಲ್ಲಿ ಫೋಟೊ ತೆಗೆದು, ತರಗತಿಯಿಂದ ತಂದಿದ್ದ ಚಿತ್ರದ ಪ್ರತಿಯಲ್ಲಿ ಮನೆಯ ಕಂಪ್ಯೂಟರಿನಲ್ಲೇ ಪೆನ್ನು ಅಳಿಸಿ, ಬೀಡಿಯನ್ನಷ್ಟೇ ಕತ್ತರಿಸಿ ತಾತನಿಗೆ ಹಿಡಿಸಿದೆ. ಅತ್ತೆ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದರು. "ಇಷ್ಟುದ್ದ ಯಾಕ್ಲಾ? ಊದ್ಬತ್ತಿ ಇದ್ದಂಗದೆ." ಗಿಡ್ಡ ಮಾಡಿದೆ. "ಬೆರಳ್ ತುದೀಲಿ ಇಡೀತಿರ್ನಿಲ್ಲ, ವಸಿ ಒಳಿಕ್ಕೆ ತಳ್ಳು." ತಳ್ಳಿದೆ. "ದಾರ ಕೆಂಪ್ಗಿತ್ತು." ಕೆಂಪು ಮಾಡಿದೆ. ಕರಿಬಿಳಿ ಫೋಟೊದಲ್ಲಿ ಕೆಂಪು ಹೇಗೆ ಕಾಣುತ್ತದೆ ಅತ್ತೆ ಅಂದರೆ, "ನಂಗ್ ಕಾಣ್ತದೆ" ಅಂದರು. ಇಷ್ಟೆಲ್ಲ ಆದ ಮೇಲೆ ನನ್ನ ಕಲೆಯ ಪರಾಕಾಷ್ಠೆ ಎಂಬಂತೆ ಬೀಡಿಯ ತುದಿಯಿಂದ ತೆಳ್ಳಗೆ, ಬಳ್ಳಿಯಂತೆ ಬಳುಕುವ ಹೊಗೆ ಬಿಡಿಸಿದೆ. ಅತ್ತೆ ಹಣೆ ಚಚ್ಚಿಕೊಂಡರು. "ಒಗೆ ಯಾರ್ಲಾ ಕೇಳಿದ್ದು? ಪೋಟದೋನು ಬಂದ ಅಂತ ಎಲ್ಡ್ ದಮ್ ಎಳ್ದು ಆರ್ಸಿ, ಆಮೇಕ್ ಸೇದ್ಮಾ ಅಂತ ಇಡ್ಕಂಡಿದ್ದ. ನಾನು ಪಕ್ದಾಗೇ ನಿಂತಿದ್ದೆ." ಆ ಹೊಗೆಯನ್ನು ಅಳಿಸುವಾಗ ನನ್ನ ಕಣ್ಣಲ್ಲಿ ನೀರು ಬಂತು. ಸಿಂಧು ಮೇಡಂ ಒಂದು ದಿನವೂ ಇಷ್ಟು ಕಾಟ ಕೊಟ್ಟವರಲ್ಲ.

ಹಬ್ಬದ ದಿನ ಬಾಳೆಲೆಯ ತುಂಬ ಮುದ್ದೆ, ಕೋಳಿಸಾರು, ವಡೆ, ಪಾಯಸ. ಪಕ್ಕದಲ್ಲಿ ಹೊಸ ಪಂಚೆ. ಧೂಪದ ಹೊಗೆಯಲ್ಲಿ ಅತ್ತೆ ತಾತನ ಮುಂದೆ ಕೂತು ಬಹಳ ಹೊತ್ತು ನೋಡಿದರು. ಇನ್ನೇನು ತಪ್ಪು ಹುಡುಕುತ್ತಾರೋ ಎಂದು ನಾನು ಕಾಯುತ್ತ ನಿಂತಿದ್ದೆ.

"ಇನ್ನೂ ಬುಟ್ಟಿಲ್ವಾ ಅದ್ನ ನೀನು?" ಅಂದರು ಅತ್ತೆ, ಫೋಟೊಗೆ. "ಕೆಮ್ಮು ಕಣಪ್ಪ, ಬುಡು ಅಂತ ಎಷ್ಟ್ ಬಡ್ಕಂಡೆ." ಆಮೇಲೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಮಡಿಲಿನಿಂದ ಒಂದು ಕಟ್ಟು ಬೀಡಿ, ಬೆಂಕಿಪೊಟ್ಟಣ ತೆಗೆದು ಎಲೆಯ ಪಕ್ಕ ಇಟ್ಟರು.

ಮುಂದಿನ ಭಾನುವಾರ ಈ ಬೀಡಿ ತಾತನನ್ನು ಹೆಮ್ಮೆಯಿಂದ ತರಗತಿಗೆ ಒಯ್ದೆ. ಮೇಡಂ ಹಿಂದೆ ಮುಂದೆ ತಿರುಗಿಸಿ ನೋಡಿ, "ಇದು ಹಳೇ ಫೋಟೊನೇ ಅಲ್ವಾ ಸಾರ್? ಇದ್ರಲ್ಲಿ ನೀವು ಏನೂ ಮಾಡೇ ಇಲ್ವಲ್ಲ!" ಅಂದರು. ತರಗತಿಯ ಪ್ರದರ್ಶನದಲ್ಲಿ ಅವರು ತೂಗುಹಾಕಿದ್ದು ಪೆನ್ನಿನ ತಾತನನ್ನೇ, ಕೆಳಗೆ ನನ್ನ ಹೆಸರು. ನೋಡಲು ಬಂದ ಹಿರಿಯರೊಬ್ಬರು ಬಹಳ ಹೊತ್ತು ಅದರ ಮುಂದೆ ನಿಂತಿದ್ದು, "ಏನ್ ಕಳೆ ಸಾ ಮೊಕದಲ್ಲಿ! ನಿಮ್ ತಾತ ಮೇಷ್ಟ್ರಾಗಿದ್ರಾ?" ಎಂದು ಕೇಳಿದರು.

ನಾನು ಸುತ್ತ ಒಮ್ಮೆ ನೋಡಿದೆ. ಅತ್ತೆ ಹೂಗ್ಯಂನಲ್ಲಿದ್ದರು.

"ಹೂಂ ಸಾರ್, ಬಹಳ ಕಟ್ಟುನಿಟ್ಟು" ಅಂದೆ.