ಕೊಲೆ ಸಿನಿಮಾದ ಬಾಲದಲ್ಲಿ ಸೀಮಂತ

ನಮ್ಮ ವೆಸ್ಟ್ ಮಾಂಬಲಂ ಫ್ಲಾಟಿನಲ್ಲಿ ಇನ್ನು ಮುಂದೆ ಯಾವ ಕೊಲೆಯೂ ಮಸುಕಾಗಿ ನಡೆಯಕೂಡದು ಎಂದು ನಾನು, ಅಂದರೆ ರುದ್ರಮುನಿ, ಘೋಷಿಸಿಬಿಟ್ಟೆ! ನಾನು ಜೀವ ಬಿಡುವ ಹಳೆಯ ಕಪ್ಪು-ಬಿಳುಪು ಇಂಗ್ಲಿಷ್ ಕೊಲೆ ಸಿನಿಮಾವನ್ನು ಲಂಡನ್ನಿನವರು ಒಂದೊಂದೇ ಫ್ರೇಮು ತೊಳೆದು, ಗೀರು ಅಳಿಸಿ, ಹೊಸ ಡಿಸ್ಕ್ ಮಾಡಿದ್ದರು. ಅದು ಕೊರಿಯರಿನಲ್ಲಿ ಬಂದ ದಿನವೇ, ಅದೇ ಸಿನಿಮಾದ ಬೂಷ್ಟು ಹಿಡಿದ ವಿಡಿಯೋ ಕ್ಯಾಸೆಟ್ಟನ್ನು, ಜೊತೆಗಿದ್ದ ಇನ್ನಿಪ್ಪತ್ತನ್ನೂ ಸೇರಿಸಿ, ಹಳೇ ಪೇಪರಿನವನಿಗೆ ಕೊಟ್ಟು ಕೈತೊಳೆದುಕೊಂಡೆ. ಇಂಥ ದಕ್ಷತೆ ನಮ್ಮ ವಂಶದಲ್ಲೇ ಇರಲಿಲ್ಲ!

ಮೂರನೆಯ ದಿನ ಹೆಂಡತಿ ಜಯದೇವಿ ಲಾಫ್ಟಿನ ಮೇಲೆಲ್ಲ ಕೈಯಾಡಿಸುತ್ತಿದ್ದಳು.

“ರೀ, ಆ ಕೊಲೆ ಕ್ಯಾಸೆಟ್ಟು ಎಲ್ಲೈತ್ರಿ?”

“ಸಾಗಹಾಕಿದೆ! ಈಗ ಡಿಸ್ಕ್ ಐತಲ್ಲ, ಕೊಲೆಗಾರನ ಮೀಸೆ ಕೂದಲು ಎಣಿಸಬಹುದು!”

“ಅದರ ಕೊನೇಗೆ ನನ್ನ ಸೀಮಂತ ಇತ್ತಲ್ರೀ. ಅವ್ವ ಹಾಡಿದ್ದು ಅದೊಂದ್ರಾಗೇ ಇರೋದು.”

ಮೂರು ತಾಸಿನ ಕ್ಯಾಸೆಟ್ಟಿನಲ್ಲಿ ಕೊಲೆ ಮುಗಿದ ಮೇಲೂ ಜಾಗ ಉಳಿದಿತ್ತು. ಅದ್ಯಾಕೆ ದಂಡ, ಸೀಮಂತವನ್ನು ಅಲ್ಲೇ ತುಂಬಿಸಿ ಎಂದು ವಿಡಿಯೋದವನಿಗೆ ಬುದ್ಧಿ ಹೇಳಿದ ಮಹಾನುಭಾವ ನಾನೇ! ಚೀಟಿಯ ಮೇಲೆ ಬರೆದದ್ದು ಸಿನಿಮಾದ ಹೆಸರು ಮಾತ್ರ. ಅತ್ತೆ ಸಣ್ಣಮ್ಮ ತೀರಿಕೊಂಡು ಹನ್ನೊಂದು ತಿಂಗಳಾಗಿತ್ತು. ವರ್ಷದ ಸ್ಮರಣೆಯ ದಿನ ಎಲ್ಲರಿಗೂ ಆ ಹಾಡು ಕೇಳಿಸಬೇಕೆಂದು ಜಯದೇವಿ ಕಾಯುತ್ತಿದ್ದಳು.

ಪೇಪರಿನವನನ್ನು ಹಿಡಿದೆವು. “ಟೇಪಾ? ಕಾಸಿಮೇಡು ಪೋಯಿಡ್ಚು ಸಾರ್. ಕಾಕಾ ವೆರಟ್ಟ,” ಎಂದ ತಮಿಳಿನಲ್ಲಿ. ಮೀನುಗಾರರ ಕೇರಿ ಕಾಸಿಮೇಡಿಗೆ ಹೋಗಿಬಿಟ್ಟಿತಂತೆ, ಕಾಗೆ ಓಡಿಸಲು!

ಹೋಗಿ ನೋಡಿದರೆ, ಮೀನಿನ ವಾಸನೆಗೆ ಬೀದಿಯನ್ನೇ ಬದಲಿಸುತ್ತಿದ್ದ, ಲಿಂಗಪೂಜೆಯಾಗದೆ ನೀರೂ ಮುಟ್ಟದ ನಮ್ಮ ಅತ್ತೆ, ಕಾಸಿಮೇಡಿನಲ್ಲಿ ಒಣಮೀನಿನ ಮೇಲೆ ಗೂಟದಿಂದ ಗೂಟಕ್ಕೆ ಬಿಗಿದ ಕಪ್ಪು ಪಟ್ಟಿಯಾಗಿ ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿದ್ದರು. ಇಪ್ಪತ್ತೊಂದು ಕ್ಯಾಸೆಟ್ಟಿನ ಪಟ್ಟಿ! ಯಾವುದು ಕೊಲೆಗಾರ, ಯಾವುದು ಅತ್ತೆ, ಯಾರು ಹೇಳಬೇಕು?

ಮೀನು ಒಣಹಾಕಿದ್ದ ಬೇಬಿ ಎಂಬ ಹೆಂಗಸು ಹೆಮ್ಮೆಯಿಂದ, “ಒರು ಕಾಕಾ ಕೂಡ ಕಿಟ್ಟ ವರ್ಲ ಸಾರ್!” ಎಂದಳು. ಒಂದು ಕಾಗೆಯೂ ಹತ್ತಿರ ಸುಳಿದಿಲ್ಲವಂತೆ!

ನಗು ಬಂತು. ಜಯದೇವಿಯ ಮುಖ ನೋಡಿ ನುಂಗಿಕೊಂಡೆ. ಅವಳು ಉಪ್ಪು ಮೆತ್ತಿ ಸುಕ್ಕುಗಟ್ಟಿದ್ದ ಒಂದು ಹಿಡಿ ಪಟ್ಟಿಯನ್ನು ಬಿಡಿಸಿ ಸೆರಗಿನಲ್ಲಿ ಕಟ್ಟಿಕೊಂಡಳು. ವಿಡಿಯೋ ಅಂಗಡಿಯವನು ಅದನ್ನು ಮೂಸಿ, ಆಗುವುದಿಲ್ಲ ಎಂದು ತಲೆಯಾಡಿಸಿದ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಭಾನುವಾರ ಅವಳೇ, “ಹಾಕ್ರಿ ನಿಮ್ಮ ಡಿಸ್ಕು, ನೋಡೋಣ,” ಎಂದಳು. ಕ್ಷಮೆ ಸಿಕ್ಕಿತೆಂದು ಓಡಿಹೋಗಿ ಹಾಕಿದೆ! ಮೊದಲ ಕೊಲೆಯಾಯಿತು. ನೆಲದ ಮೇಲೆ ಒಬ್ಬ ಮುದುಕಿಯ ಹೆಣ. ಕಾಲರಿನ ಕಸೂತಿ ಸಹ ಕಾಣುತ್ತಿತ್ತು. ಜಯದೇವಿ ಮುಂದಕ್ಕೆ ಬಗ್ಗಿದಳು.

“ರೀ, ಹೆಣ ಉಸಿರಾಡ್ತೈತೆ.”

ಹೌದು. ಅಷ್ಟು ಚೆನ್ನಾಗಿ ತೊಳೆದಿದ್ದರು, ಆ ನಟಿಯ ಎದೆ ಮೆಲ್ಲಗೆ ಏರಿ ಇಳಿಯುವುದೂ ಕಾಣುತ್ತಿತ್ತು.

ಜಯದೇವಿ ರಿಮೋಟನ್ನು ನನ್ನ ಕೈಯಲ್ಲಿಟ್ಟು ಎದ್ದಳು.

“ಅವರು ಸತ್ತೋರನ್ನೂ ಉಸಿರಾಡೋ ಹಂಗೆ ಇಟ್ಕೊಂಡಾರೆ. ನೀವು ನಮ್ಮವ್ವನ್ನ ಮೀನು ಕಾಯಾಕೆ ಕಳಿಸಿದ್ರಿ.”