ಯಾರನ್ನೂ ಹಿಡಿಯದೆ ಏಳುವ ವಿದ್ಯೆ

ನನ್ನ ಮೊಣಕಾಲುಗಳನ್ನು ನಾನೇ ಗುಣಪಡಿಸಿಕೊಳ್ಳುತ್ತೇನೆ, ಈ ಜನ್ಮದಲ್ಲಿ ಯಾವ ಡಾಕ್ಟರ ಮುಂದೆಯೂ ಅವನ್ನು ಪ್ರದರ್ಶನಕ್ಕಿಡುವುದಿಲ್ಲ ಎಂದು ನಾನು ಘೋಷಣೆ ಮಾಡಿದ್ದು ಪಾಣೆಮಂಗಳೂರಿನ ನಮ್ಮ ಮನೆಯ ಜಗಲಿಯಲ್ಲಿ, ಬೆಳಗಿನ ಚಾದ ಹೊತ್ತಿಗೆ. ಮಾತಿಗೆ ಒಂದು ತೂಕ ಬರಲಿ ಎಂದು ಎದ್ದು ನಿಂತೇ ಹೇಳಬೇಕೆಂದಿದ್ದೆ. ಏಳುವ ಪ್ರಯತ್ನದಲ್ಲಿ ಚಾ ತಣ್ಣಗಾಗತೊಡಗಿತು. ಕೂತೇ ಹೇಳಿದೆ.

ಬೀನ್ಸ್ ಹೆಚ್ಚುತ್ತಿದ್ದ ನನ್ನ ಹೆಂಡತಿ ಜಲಜಾಕ್ಷಿ ತಲೆ ಕೂಡ ಎತ್ತಲಿಲ್ಲ.

"ಊರಿಗೆಲ್ಲ ಆರೋಗ್ಯ ವಿಮೆ ಮಾಡಿಸುವವರು ನೀವು. ನಿಮಗೆ ಡಾಕ್ಟ್ರು ಅಂದರೆ ಎಂತ ಹೆದರಿಕೆ ಮಾರಾಯ್ರೆ?"

"ಹೆದರಿಕೆ ಅಲ್ಲ. ಅದೊಂದು ತತ್ವ."

"ತತ್ವವಾ, ಸೂಜಿಯಾ?"

ಮೂವತ್ತು ವರ್ಷ ಜೊತೆಗಿದ್ದವರ ಹತ್ತಿರ ತತ್ವದ ಮಾತು ಆಡಬಾರದು. ಗಂಟುನೋವಿಗೆ ಮೊಣಕಾಲಿನ ಸಂದಿಗೇ ಸೂಜಿ ಚುಚ್ಚುತ್ತಾರೆ ಎಂದು ನನ್ನ ಗಿರಾಕಿಯೊಬ್ಬ ಹೇಳಿದ್ದ. ಸೂಜಿ ಎಷ್ಟುದ್ದ ಎಂದು ಎರಡು ಕೈ ಅಗಲಿಸಿ ತೋರಿಸಿಯೂ ಇದ್ದ. ನೇತ್ರಾವತಿಯಲ್ಲಿ ಗಾಳ ಹಾಕಿ ತಾನು ಹಿಡಿದ ಮೀನನ್ನು ಕೂಡ ಆತ ಹಾಗೆಯೇ ತೋರಿಸುವುದು ಎಂಬುದು ನನಗೆ ಗೊತ್ತು. ಆದರೆ ಸೂಜಿಯ ವಿಷಯದಲ್ಲಿ ಮಾತ್ರ ನಾನು ಅವನನ್ನು ಪೂರ್ತಿ ನಂಬಿದೆ.

ಹೀಗೆ ನನ್ನ ಸ್ವಯಂ ಚಿಕಿತ್ಸೆ ಆರಂಭವಾಯಿತು. ಮೊದಲು ಮೆಡಿಕಲ್ ಶಾಪಿನ ವಸಂತ ಒಂದು ಹಳದಿ ಮುಲಾಮು ಕೊಟ್ಟ. ಅದು ಹಚ್ಚಿದ ಜಾಗ ಬಿಟ್ಟು ಬೇರೆಲ್ಲ ಕಡೆ ಕೆಲಸ ಮಾಡಿತು. ಮುಖ್ಯವಾಗಿ ಕಣ್ಣಿನಲ್ಲಿ. ಆಮೇಲೆ ಕ್ರಿಕೆಟ್ ಆಡುವವರು ಹೊಡೆದುಕೊಳ್ಳುವ ಸ್ಪ್ರೇ ತಂದೆ. ಅದರಿಂದ ನೋವು ಹೋಗದಿದ್ದರೂ ಚೆಂಡಿಗೆ ಡೈವ್ ಹೊಡೆದವನ ಗತ್ತು ಸ್ವಲ್ಪ ಹೊತ್ತು ಉಳಿಯಿತು. ಬೆಳ್ತಂಗಡಿಯ ಗಿರಾಕಿಯೊಬ್ಬರು ಎಕ್ಕದ ಎಲೆ ಬಿಸಿಮಾಡಿ ಕಟ್ಟಿ ಎಂದರು, ಕಟ್ಟಿದೆ. ಅವರ ತಾಯಿ ನೆಕ್ಕಿಗಿಡದ ಸೊಪ್ಪು ಬೇಯಿಸಿದ ನೀರು ಹೊಯ್ದುಕೊಳ್ಳಿ ಎಂದರು, ಹೊಯ್ದುಕೊಂಡೆ. ಜಲಜಳ ಅಕ್ಕನ ಮಗ ರಂಜಿತ್ ದುಬೈಯಿಂದ ಒಂದು ಹಸಿರು ಎಣ್ಣೆ ತಂದುಕೊಟ್ಟ. ಬಾಟಲಿಯ ಮೇಲೆ ಬರೆದದ್ದೆಲ್ಲ ಅರಬಿಯಲ್ಲಿತ್ತು. ಒಂದಕ್ಷರವೂ ಓದಲು ಬಾರದ್ದರಿಂದ ನನ್ನ ನಂಬಿಕೆ ಇಮ್ಮಡಿಯಾಯಿತು.

ಒಂದೊಂದು ಮದ್ದೂ ಒಂದಾಣೆಯಷ್ಟು ಗುಣ ಕೊಡುತ್ತದೆ ಎಂದಾದರೆ ಎಲ್ಲವನ್ನೂ ಒಟ್ಟಿಗೆ ಹಚ್ಚಿದರೆ ರೂಪಾಯಿಯೇ ಸಿಗಬೇಕಲ್ಲ. ವಿಮೆಯವನಿಗೆ ಇಂಥ ಲೆಕ್ಕಗಳು ಬೇಗ ಹೊಳೆಯುತ್ತವೆ. ಬೆಳ್ಳುಳ್ಳಿ ಹಾಕಿ ಕಾಸಿದ ತೆಂಗಿನೆಣ್ಣೆ, ಅದರ ಮೇಲೆ ಹಳದಿ ಮುಲಾಮು, ಅದರ ಮೇಲೆ ದುಬೈ, ಎಲ್ಲದರ ಮೇಲೆ ಎಕ್ಕದ ಎಲೆ. ಚರ್ಮ ಕೆಂಪಾಗಿ ಉರಿಯತೊಡಗಿದಾಗ ಮದ್ದು ಒಳಗೆ ಇಳಿಯುತ್ತಿದೆ ಎಂದು ಸಂತೋಷಪಟ್ಟೆ. ಬಿ.ಸಿ.ರೋಡಿನಿಂದ ಬೆಳ್ತಂಗಡಿಗೆ ಹೋಗುವ ಬಸ್ಸಿನಲ್ಲಿ ಜನ ನಿಂತುಕೊಂಡಿದ್ದರೂ ನನ್ನ ಪಕ್ಕದ ಸೀಟು ಖಾಲಿ ಇರುತ್ತಿತ್ತು. ವಯಸ್ಸಿಗೆ ಕೊಡುವ ಗೌರವ ಈ ಕಾಲದಲ್ಲೂ ಉಳಿದಿದೆ ಎಂದು ಮನೆಗೆ ಬಂದು ಹೇಳಿದೆ.

"ಗೌರವ ಅಲ್ಲ, ಮೂಗು," ಎಂದಳು ತರಕಾರಿ ಹೆಚ್ಚುತ್ತಿದ್ದ ಜಲಜ. "ನಿನ್ನೆಯಿಂದ ನಮ್ಮ ಬೆಕ್ಕು ಮನೆಯೊಳಗೆ ಬರ್ತಾ ಇಲ್ಲ. ಸಾಕು ನಿಮ್ಮ ಪ್ರಯೋಗ. ಮೂಡುಬಿದಿರೆಯಲ್ಲಿ ಒಬ್ಬರು ಗಂಟಿನ ಡಾಕ್ಟ್ರು ಇದ್ದಾರಂತೆ, ನಮ್ಮ ದಯಾನಂದ ಹೇಳಿದ್ದು. ಅವನಿಗೆ ಬಹಳ ಪರಿಚಯವಂತೆ. ಸೋಮವಾರಕ್ಕೆ ಹೆಸರು ಬರೆಸಿದ್ದೇನೆ."

ದಯಾನಂದ ಅವಳ ತಮ್ಮ, ಉಜಿರೆಯಲ್ಲಿ ಹೋಟೆಲ್ ಇಟ್ಟುಕೊಂಡವನು. ಯಾರಿಗೂ ಕೆಟ್ಟದ್ದು ಬಯಸುವವನಲ್ಲ, ಆದರೆ ಒಳ್ಳೆಯದನ್ನು ಬಯಸಿಯೇ ನನ್ನನ್ನು ಎಷ್ಟೋ ಸಲ ಸಿಕ್ಕಿಸಿಹಾಕಿದ್ದಾನೆ.

"ನನ್ನ ಮೊಣಕಾಲು ಈಗ ಫಸ್ಟ್ ಕ್ಲಾಸ್ ಉಂಟು," ಎಂದೆ.

"ಹೌದಾ? ಹಾಗಾದರೆ ಒಂದು ಮಾತು." ಅವಳು ಚೂರಿ ಕೆಳಗಿಟ್ಟಳು. ಚೂರಿ ಕೆಳಗಿಟ್ಟು ಆಡುವ ಮಾತುಗಳೇ ನಮ್ಮ ಮನೆಯಲ್ಲಿ ಅಪಾಯಕಾರಿ. "ಆದಿತ್ಯವಾರ ದಯಾನಂದನ ಹೊಸ ಮನೆ ಒಕ್ಕಲು. ನೆಲದಲ್ಲಿ ಕೂತು ಊಟ. ನೀವು ಪಂಕ್ತಿಯಲ್ಲಿ ಕೂತು ಊಟ ಮಾಡಿ, ಯಾರನ್ನೂ ಹಿಡಿಯದೆ ಎದ್ದರೆ ಡಾಕ್ಟ್ರು ಬೇಡ. ನಾನೇ ಫೋನ್ ಮಾಡಿ ಬರುವುದಿಲ್ಲ ಅಂತ ಹೇಳ್ತೇನೆ. ಏಳಲಿಕ್ಕೆ ಆಗದಿದ್ದರೆ ಸೋಮವಾರ ಬಾಯಿ ಮುಚ್ಚಿಕೊಂಡು ಬರಬೇಕು."

"ಆಗಲಿ," ಎಂದೆ. ಸೂಜಿಗೂ ನನಗೂ ನಡುವೆ ಇನ್ನುಳಿದದ್ದು ಒಂದು ಊಟ ಮಾತ್ರ.

ಆದಿತ್ಯವಾರ ನಾನು ದುಬೈ ಎಣ್ಣೆಯನ್ನು ಎರಡು ಸಲ ಹಚ್ಚಿಕೊಂಡು, ಮೇಲೆ ಮೊಣಕಾಲಿನ ಬೆಲ್ಟು ಬಿಗಿದು, ಅದು ಕಾಣದ ಹಾಗೆ ಪಂಚೆ ಉಟ್ಟುಕೊಂಡು ಉಜಿರೆಗೆ ಹೊರಟೆ. ಈ ಕಾಲದಲ್ಲಿ ಎಲ್ಲರೂ ಬಫೆ ಇಡುವಾಗ ದಯಾನಂದನಿಗೆ ನೆಲದ ಊಟದ ಹುಚ್ಚು ಯಾಕೆ ಎಂಬುದು ಅಲ್ಲಿ ಹೋದ ಮೇಲೆ ಗೊತ್ತಾಯಿತು. ಹಾಲ್‌ಗೆ ಮುಖ ಕಾಣುವಂಥ ಟೈಲ್ಸ್ ಹಾಕಿಸಿದ್ದ. ಜನ ನಿಂತು ಉಂಡು ಹೋದರೆ ಅದನ್ನು ನೋಡುವವರು ಯಾರು?

ಬಾಗಿಲಲ್ಲೇ ಒಬ್ಬ ನನ್ನನ್ನು ತಡೆದು, "ಹಿರಿಯರಿಗೆ ಅಲ್ಲಿ ಟೇಬಲ್ ಹಾಕಿದ್ದೇವೆ, ಬನ್ನಿ," ಎಂದ.

"ಹಿರಿಯರು ಬಂದ ಮೇಲೆ ಅವರಿಗೆ ಹೇಳಿ," ಎಂದೆ ನಾಲ್ಕು ಜನಕ್ಕೆ ಕೇಳುವಂತೆ. ಕೇಳಿಸಿಕೊಂಡ ನಾಲ್ವರಲ್ಲಿ ಮೂವರು ಟೇಬಲ್ಲಿನ ಕಡೆ ಹೊರಟಿದ್ದವರು, ನಾಚಿಕೊಂಡು ನೆಲದ ಪಂಕ್ತಿಗೆ ತಿರುಗಿದರು.

ಕೂರುವುದು ಕಷ್ಟವಾಗಲಿಲ್ಲ. ಅರ್ಧದಷ್ಟು ನಾನು ಇಳಿದೆ, ಉಳಿದರ್ಧವನ್ನು ಭೂಮಿ ನೋಡಿಕೊಂಡಿತು. ಜಾಗ ಉಳಿಸಲೆಂದು ಬೆನ್ನಿಗೆ ಬೆನ್ನು ಕೊಟ್ಟು ಎರಡೆರಡು ಸಾಲು ಕೂರಿಸಿದ್ದರು. ನನ್ನ ಹಿಂದೆ ಒಂದು ಸಾಲು ಗಂಡಸರು, ಎದುರಿನಲ್ಲಿ ಹೆಂಗಸರ ಸಾಲು. ಸರಿಯಾಗಿ ನನ್ನ ಮೂಗಿನ ನೇರಕ್ಕೆ ಜಲಜಾಕ್ಷಿ ಕೂತಿದ್ದಳು, ಕ್ರಿಕೆಟ್ಟಿನ ಅಂಪೈರಿನಂತೆ.

ಊಟ ಸೊಗಸಾಗಿತ್ತು, ಸುಳ್ಳು ಹೇಳಬಾರದು. ಅನಾನಸಿನ ಮೆಣಸ್ಕಾಯಿ ಬರುವಷ್ಟರಲ್ಲಿ ಎಡಗಾಲು ಜೋಮು ಹಿಡಿಯಿತು. ಹೋಳಿಗೆ ಬಂದಾಗ ಬಲಗಾಲು ನನ್ನದೋ ಪಕ್ಕದವರದೋ ಗೊತ್ತಾಗದಂತಾಯಿತು. ಹಿಂದಿನ ಸಾಲಿನಿಂದ ಯಾರೋ, "ಎಂತ ವಾಸನೆ ಇದು? ಅಡುಗೆಗೆ ನೀಲಗಿರಿ ಎಣ್ಣೆ ಹಾಕಿದ್ದಾರಾ?" ಎಂದರು. ನಾನೂ ಮೂಸಿ ನೋಡಿ ತಲೆಯಾಡಿಸಿದೆ. ಕೊನೆಗೆ ಮಜ್ಜಿಗೆ ಬಂತು, ಎಲ್ಲರೂ ಏಳತೊಡಗಿದರು.

ಜಲಜ ಸರಕ್ಕನೆ ಎದ್ದು ನಿಂತು ಕೈ ಕಟ್ಟಿಕೊಂಡಳು.

ನಾನು ಎಡಗೈಯನ್ನು ನೆಲಕ್ಕೆ ಊರಿದೆ. ನೆಲಕ್ಕೆ ಊರುವುದು ಷರತ್ತಿನ ಪ್ರಕಾರ ತಪ್ಪಲ್ಲ, ನೆಲ 'ಯಾರೂ' ಅಲ್ಲ. ಆದರೆ ಅಲ್ಲಿ ಪಾಯಸ ಚೆಲ್ಲಿತ್ತು. ದಯಾನಂದನ ಟೈಲ್ಸು ತನ್ನ ಯೋಗ್ಯತೆ ತೋರಿಸಿತು. ಎಡಗೈ ಜಾರಿ ಮುಂದಕ್ಕೆ ಹೋಯಿತು, ಬಲಗೈ ನನ್ನನ್ನು ಕೇಳದೆ ಹಿಂದಕ್ಕೆ ಹೋಯಿತು. ಹೋದದ್ದು ಸುಮ್ಮನೆ ಬರಲಿಲ್ಲ. ಬೆಚ್ಚಗಿನ, ಗುಂಡಗಿನ ಏನೋ ಸಿಕ್ಕಿತು, ಗಟ್ಟಿಯಾಗಿ ಹಿಡಿದುಕೊಂಡಿತು.

ಅದು ಹಿಂದಿನ ಸಾಲಿನಲ್ಲಿ ಆಗಷ್ಟೇ ಅರ್ಧ ಎದ್ದಿದ್ದ ಒಬ್ಬರ ಹೆಗಲು. ನಾನು ಏಳಲಿಲ್ಲ. ಅವರು ಕೂತರು. ಕೂತರು ಎಂದರೆ ಮೆಲ್ಲಗೆ ಅಲ್ಲ, ತೆಂಗಿನಕಾಯಿ ಬಿದ್ದ ಹಾಗೆ.

"ಅಯ್ಯೋ ಸೊಂಟ," ಎಂದು ಹಿಂದಿನಿಂದ ಒಂದು ದನಿ ಕೇಳಿತು. "ಯಾರು ಎಳೆದದ್ದು?"

ನಾನು ಕೈ ವಾಪಸು ತಂದು, ತಿರುಗಿ ನೋಡದೆ, ಎಲೆಯಲ್ಲಿ ಉಳಿದಿದ್ದ ಒಂದು ಸಾಸಿವೆ ಕಾಳನ್ನು ಬಹಳ ಭಕ್ತಿಯಿಂದ ಹೆಕ್ಕತೊಡಗಿದೆ. ಹಿಂದೆ ಜನ ಸೇರಿದರು, ಯಾರೋ ನೀರು ಕೇಳಿದರು, ಯಾರೋ ಕಾರು ತರಲು ಹೇಳಿದರು. ಇಬ್ಬರ ಆಸರೆಯಲ್ಲಿ ಆ ಮಹಾನುಭಾವರು ಹೊರಗೆ ಹೋದರು. ನನಗೆ ನಿಜವಾಗಿಯೂ ಬಹಳ ಕೆಟ್ಟದೆನಿಸಿತು. ಎದ್ದು ಹೋಗಿ ಕ್ಷಮೆ ಕೇಳಬೇಕು ಅನಿಸಿತು. ಆದರೆ ಎದ್ದು ಹೋಗುವುದೇ ಅಲ್ಲವೇ ಸಮಸ್ಯೆ?

ಇಷ್ಟರಲ್ಲಿ ಹಾಲ್ ಖಾಲಿಯಾಗಿ, ಎಂಜಲೆಲೆಗಳನ್ನು ತೆಗೆದು, ನೆಲ ಒರೆಸಿದರು. ನನ್ನ ಸುತ್ತಲೂ ಒರೆಸಿದರು. ಎರಡನೇ ಪಂಕ್ತಿಯವರು ಬಂದು ಕೂತರು. ನನ್ನ ಮುಂದೆಯೂ ಹೊಸ ಎಲೆ ಬಿತ್ತು.

ಪಲ್ಯ ಬಡಿಸುವವ ನನ್ನನ್ನು ದಿಟ್ಟಿಸಿ, "ನೀವು ಮೊದಲ ಪಂಕ್ತಿಯಲ್ಲಿ ಇದ್ದ ಹಾಗಿತ್ತಲ್ಲ?" ಎಂದ.

"ಅದು ನನ್ನ ಅಣ್ಣ," ಎಂದೆ.

ಹಸಿವಿಲ್ಲದವನ ಮುಂದೆ ಅನ್ನದ ಗುಡ್ಡ ಎದ್ದಾಗ ಏನಾಗುತ್ತದೆ ಎಂದು ಅನುಭವಿಸಿದವರಿಗೇ ಗೊತ್ತು. ನಾನು ಮೆಲ್ಲಮೆಲ್ಲಗೆ ಉಣ್ಣುತ್ತಿರುವಾಗ ದಯಾನಂದ ಉಪಚಾರ ಮಾಡುತ್ತಾ ಬಂದ. ನನ್ನನ್ನು ನೋಡಿದ್ದೇ ಅವನ ಮುಖ ಅರಳಿತು.

"ಭಾವ, ಪುನಃ ಕೂತದ್ದಾ? ಅಡುಗೆ ಅಷ್ಟು ಹಿಡಿಸಿತಾ?" ಎಂದವನೇ ಒಳಗೆ ತಿರುಗಿ, "ಹೋಳಿಗೆ ತನ್ನಿ ಇಲ್ಲಿ. ಭಾವನಿಗೆ ಇನ್ನೂ ಬೇಕಂತೆ," ಎಂದು ಕೂಗಿದ. ಅಡುಗೆಯವರೇ ಹೊರಗೆ ಬಂದು ನನಗೆ ಕೈಮುಗಿದರು. ಅಂಥ ಮರ್ಯಾದೆಯನ್ನು ಹೊಟ್ಟೆಯಲ್ಲಿಟ್ಟುಕೊಳ್ಳಲು ನನ್ನಲ್ಲಿ ಜಾಗವಿರಲಿಲ್ಲ, ಆದರೂ ಇಟ್ಟುಕೊಂಡೆ.

ಎರಡನೇ ಸಲವೂ ಮಜ್ಜಿಗೆ ಬಂದು, ಎಲ್ಲರೂ ಎದ್ದುಹೋಗಿ, ಬರಿದಾದ ಹಾಲ್‌ನ ನಡುವೆ ನಾನೊಬ್ಬನೇ ಪ್ರತಿಷ್ಠಾಪನೆಗೊಂಡಿದ್ದಾಗ ಜಲಜ ಒಂದು ಪ್ಲಾಸ್ಟಿಕ್ ಕುರ್ಚಿ ತಂದು ನನ್ನೆದುರು ಇಟ್ಟಳು.

"ಏಳಿ. ಮೂರನೇ ಪಂಕ್ತಿಗೆ ಹೋಳಿಗೆ ಕಮ್ಮಿ ಉಂಟಂತೆ."

ಕುರ್ಚಿ ಹಿಡಿದು, ಬೆಲ್ಟಿನಿಂದ ಕಿರ್ರೆನ್ನುವ ಸದ್ದು ಹೊರಡಿಸಿ, ಅಂತೂ ಎದ್ದೆ. ಎದ್ದ ಕೂಡಲೇ ಕಳೆದುಹೋದ ಧೈರ್ಯ ಸ್ವಲ್ಪ ಮರಳಿತು.

"ನೋಡಿದೆಯಾ? ಯಾರನ್ನೂ ಹಿಡಿಯಲಿಲ್ಲ. ಹಿಡಿದದ್ದು ಕುರ್ಚಿ."

"ಮತ್ತೆ ಹಿಂದಿನವರ ಹೆಗಲು?"

"ನೀನು ನೋಡಿದೆಯಾ?"

"ನಾನೊಬ್ಬಳೇ ನೋಡಿದ್ದು, ನಿಮ್ಮ ಪುಣ್ಯ," ಎಂದಳು. "ನಾಳೆ ಬೇಗ ಹೊರಡುವ."

ಸೋಮವಾರ ನಾನು ಸಾಬೂನು ಹಚ್ಚಿ ಉಜ್ಜಿ ಉಜ್ಜಿ ಸ್ನಾನ ಮಾಡಿದೆ. ಡಾಕ್ಟರ ಮುಂದೆ ದುಬೈ ಬೇಡ, ಬೆಳ್ಳುಳ್ಳಿ ಬೇಡ, ಒಬ್ಬ ಮರ್ಯಾದಸ್ಥ ರೋಗಿಯಾಗಿ ಹೋಗುವ ಎಂದು ನಿರ್ಧರಿಸಿದ್ದೆ. ಮೂಡುಬಿದಿರೆಯ ಕ್ಲಿನಿಕ್ಕಿನಲ್ಲಿ ರೋಗಿಗಳಿಗೆಂದು ಒಂದು ತಗ್ಗಿನ ಸೋಫಾ ಇತ್ತು. ಮೈಮರೆತು ಅದರಲ್ಲಿ ಕೂತೆ. ಅದು ನನ್ನನ್ನು ಆಳಕ್ಕೆ ಒಳಗೆಳೆದುಕೊಂಡಿತು.

ಟೋಕನ್ ಕೊಡುತ್ತಿದ್ದ ಮಾಜಿದಾ ಎಂಬಾಕೆ, "ಡಾಕ್ಟ್ರು ಸ್ವಲ್ಪ ತಡ ಆಗ್ತಾರೆ," ಎಂದಳು. "ಪಾಪ, ಅವರಿಗೇ ಸೊಂಟ ಹಿಡಿದಿದೆ. ನಿನ್ನೆ ಉಜಿರೆಯಲ್ಲಿ ಒಂದು ಮನೆ ಒಕ್ಕಲಿಗೆ ಹೋಗಿದ್ದರು. ಊಟ ಮಾಡಿ ಏಳುವಾಗ ಹಿಂದಿನಿಂದ ಯಾರೋ ಹೆಗಲು ಹಿಡಿದು ಎಳೆದು ಕೂರಿಸಿದರಂತೆ. ಯಾರು ಅಂತ ಗೊತ್ತಾಗಲಿಲ್ಲ. ಆ ಕೈ ಮಾತ್ರ ಸಾಯುವವರೆಗೆ ಮರೆಯುವುದಿಲ್ಲ ಅಂತ ಹೇಳ್ತಿದ್ದರು."

ನಾನು ನನ್ನ ಬಲಗೈಯನ್ನು ಮೆಲ್ಲಗೆ ಪಂಚೆಯ ಮಡಿಕೆಯೊಳಗೆ ಅಡಗಿಸಿದೆ.

"ಜಲಜ," ಎಂದು ಪಿಸುಗುಟ್ಟಿದೆ, "ಬಾ, ಹೋಗುವ."

"ಹೋಗುವ," ಎಂದಳು ಅವಳು, ಬಹಳ ಪ್ರೀತಿಯಿಂದ. "ಏಳಿ."

ಸೋಫಾ ನನ್ನನ್ನು ಬಿಟ್ಟುಕೊಡಲಿಲ್ಲ. ಡಾಕ್ಟರು ಬಂದು, ನನ್ನ ಹೆಸರು ಕರೆದ ಮೇಲೆ ಜಲಜಳೇ ಕೈಕೊಟ್ಟು ಎಬ್ಬಿಸಿ ಒಳಗೆ ಕರೆದುಕೊಂಡು ಹೋದಳು. ಡಾಕ್ಟರು ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು ನೆಟ್ಟಗೆ ಕೂತಿದ್ದರು. ನನ್ನನ್ನು ನೋಡಿ ನಕ್ಕರು. ಗುರುತು ಸಿಗಲಿಲ್ಲ. ನಾನು ಅವರಿಗೆ ಬೆನ್ನು ತೋರಿಸಿ ಕೂತದ್ದು ಎಂಥ ಒಳ್ಳೆಯದಾಯಿತು!

ಬಹಳ ಒಳ್ಳೆಯ ಮನುಷ್ಯ. ನನ್ನನ್ನು ಮಂಚದ ಮೇಲೆ ಮಲಗಿಸಿ, ಮೊಣಕಾಲು ಮಡಚಿ ಬಿಡಿಸಿ ನೋಡಿದರು. ಕೆಂಪಾದ ಚರ್ಮ ನೋಡಿ, "ಇದೆಂತ ಹಚ್ಚಿದ್ದು?" ಎಂದರು. ಜಲಜ ಪೂರ್ತಿ ಪಟ್ಟಿ ಒಪ್ಪಿಸಿದಳು.

"ಎಣ್ಣೆ ಹಚ್ಚುವುದಕ್ಕೆ ನಾನು ಬೇಡ ಅನ್ನುವುದಿಲ್ಲ. ಆದರೆ ಎಲ್ಲ ಒಟ್ಟಿಗೆ ಹಚ್ಚಲಿಕ್ಕೆ ಇದೇನು ಪಲಾವಾ?" ಎಂದು ನಕ್ಕರು. "ಸವಕಳಿ ಸ್ವಲ್ಪವೇ ಇರುವುದು. ತೂಕ ಇಳಿಸಿ, ನಾನು ಹೇಳಿದ ವ್ಯಾಯಾಮ ಮಾಡಿ. ಊಟ ಮಿತವಾಗಿರಲಿ. ಇಂಜೆಕ್ಷನ್ ಎಂತ ಬೇಡ."

ಇಂಜೆಕ್ಷನ್ ಬೇಡ. ಇಷ್ಟು ಮಧುರವಾದ ಮಾತನ್ನು ನನಗೆ ಮದುವೆಯ ಹೊಸದರಲ್ಲೂ ಯಾರೂ ಹೇಳಿರಲಿಲ್ಲ. ಈ ಎರಡು ಶಬ್ದಕ್ಕಾಗಿ ನಾನು ತಿಂಗಳುಗಟ್ಟಲೆ ಸುಟ್ಟುಕೊಂಡೆನೇ, ಬೆಕ್ಕಿಗೆ ಬೇಡವಾದೆನೇ ಎಂದು ಕಣ್ಣು ತುಂಬಿ ಬಂತು.

"ಇನ್ನು ಏಳಿ," ಎಂದರು ಡಾಕ್ಟರು, ನನ್ನ ಪಕ್ಕದಲ್ಲೇ ನಿಂತು ಚೀಟಿ ಬರೆಯುತ್ತಾ.

ಎದ್ದೆ. ಅಂದರೆ ಏಳಲು ಹೊರಟೆ. ಅಷ್ಟರಲ್ಲಿ ನನ್ನ ಬಲಗೈ ನನ್ನನ್ನು ಕೇಳದೆ ಮೇಲಕ್ಕೆ ಹೋಯಿತು. ಬೆಚ್ಚಗಿನ, ಗುಂಡಗಿನ, ಪರಿಚಯದ ಒಂದು ಹೆಗಲು ಸಿಕ್ಕಿತು. ಗಟ್ಟಿಯಾಗಿ ಹಿಡಿದುಕೊಂಡಿತು.

ಡಾಕ್ಟರ ಪೆನ್ನು ನಿಂತಿತು. ಅವರು ಮೊದಲು ಹೆಗಲ ಮೇಲಿದ್ದ ಕೈಯನ್ನು ನೋಡಿದರು. ಆಮೇಲೆ ಆ ಕೈಯುದ್ದಕ್ಕೂ ನೋಡುತ್ತಾ ನಿಧಾನವಾಗಿ ನನ್ನ ಮುಖದವರೆಗೆ ಬಂದರು.

"ನೀವು ದಯಾನಂದರಿಗೆ ಏನಾಗಬೇಕು?"

"ಭಾವ," ಎಂದೆ.

"ಈ ಇಂಜೆಕ್ಷನಿನ ವಿಷಯ ಒಮ್ಮೆ ಪುನಃ ಯೋಚನೆ ಮಾಡುವ," ಎಂದರು ಅವರು. "ಅದಕ್ಕೆ ಮೊದಲು ಹೇಳಿ, ನಿನ್ನೆ ನೀವು ಊಟಕ್ಕೆ ಕೂತದ್ದು ಮೊದಲನೇ ಪಂಕ್ತಿಗಾ, ಎರಡನೇದ್ದಕ್ಕಾ?"

ಅಬ್ಬಾ, ದಾರಿ ಸಿಕ್ಕಿತು. ಸುಳ್ಳು ಹೇಳುವ ಅಗತ್ಯವೂ ಇರಲಿಲ್ಲ.

"ಎರಡನೇದ್ದಕ್ಕೆ ಡಾಕ್ಟ್ರೆ," ಎಂದೆ ಎದೆಯುಬ್ಬಿಸಿ. "ಬೇಕಾದರೆ ದಯಾನಂದನನ್ನು ಕೇಳಿ. ಅಡುಗೆಯವರನ್ನೂ ಕೇಳಿ."

"ಹೌದು ಡಾಕ್ಟ್ರೆ," ಎಂದಳು ಜಲಜ, ನನ್ನ ಪಂಚೆ ಸರಿಪಡಿಸುತ್ತಾ. "ಎರಡನೇದ್ದಕ್ಕೆ ಕೂತಿದ್ದರು. ಮೊದಲನೇದ್ದರಿಂದ ಏಳಲಿಕ್ಕೆ ಆಗಲಿಲ್ಲ, ಅದಕ್ಕೆ."