ಗಿಡಕ್ಕೆ ಎರಡು ಕಟಿಂಗ್

ಗಿಡದ ಕುಂಡ ಬದಲಿಸುವುದು ಕಷ್ಟದ ಕೆಲಸವಲ್ಲ. ಹಳೆಯ ಕುಂಡದಿಂದ ಗಿಡ ತೆಗೆಯಬೇಕು, ಬೇರು ಸವರಬೇಕು, ದೊಡ್ಡ ಕುಂಡದಲ್ಲಿ ನಿಲ್ಲಿಸಬೇಕು, ಮಣ್ಣು ತುಂಬಬೇಕು. ನಾಲ್ಕು ಆಜ್ಞೆಗಳಲ್ಲಿ ಮುಗಿಯುವ ಕವಾಯತು. ಹಾಸನದ ಕಡೆಯ ಸರ್ಕಾರಿ ಶಾಲೆಯಲ್ಲಿ ಡ್ರಿಲ್ ಮೇಷ್ಟ್ರಾಗಿ, ಹಾಸ್ಟೆಲ್ ವಾರ್ಡನ್ ಕೂಡ ಆಗಿ, ಸಾವಿರಾರು ಹುಡುಗರನ್ನು ಸಾಲಿನಲ್ಲಿ ನಿಲ್ಲಿಸಿದ ನನಗೆ ಒಂದು ಗಿಡವನ್ನು ನಿಲ್ಲಿಸುವುದು ಏನು ಮಹಾ! ಹೀಗೆಂದುಕೊಂಡೇ ಆ ಭಾನುವಾರ, ಬಿಳಿ ಕ್ಯಾನ್ವಾಸ್ ಬೂಟಿನ ಲೇಸು ಬಿಗಿದು, ಯೂನಿಯನ್ ಸಿಟಿಯ ಮಗಳ ಮನೆಯ ಗರಾಜಿಗೆ ಇಳಿದೆ.

ಯಾವ ಗಿಡ ಎಂಬುದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ತಾವು ತುಳಸಿ ಎಂದುಕೊಂಡು ನನ್ನ ಮೇಲೆ ಇಲ್ಲದ ಗೌರವ ಇಟ್ಟುಕೊಳ್ಳುತ್ತೀರಿ. ಅದು ಗಾಂಜಾ ಗಿಡ. ಗಾಬರಿ ಬೇಡ. ಲಾಸ್ ಏಂಜಲೀಸ್ ಇರುವ ಈ ಅಮೆರಿಕನ್ ರಾಜ್ಯದಲ್ಲಿ ವಯಸ್ಸಿಗೆ ಬಂದವರು ತಮಗೆ ಬೇಕಾದಷ್ಟಕ್ಕೆ ನಾಲ್ಕಾರು ಗಿಡ ಬೆಳೆಸಿಕೊಂಡರೆ ಕಾನೂನು ತಡೆಯುವುದಿಲ್ಲ. ಆದರೂ ಹುಡುಗರ ದಿಂಬಿನೊಳಗಿಂದ ಬೀಡಿ ಹುಡುಕಿ ತೆಗೆಯುತ್ತಿದ್ದ ವಾರ್ಡನ್ನು ಮುಪ್ಪಿನಲ್ಲಿ ಅದೇ ಕೈಯಿಂದ ಈ ಗಿಡಕ್ಕೆ ನೀರು ಹನಿಸುತ್ತಾನೆಂದರೆ, ಆ ಹಳೆಯ ಹುಡುಗರು ಎಲ್ಲಿದ್ದರೂ ಒಮ್ಮೆ ನಕ್ಕುಬಿಡಲಿ. ಅವರಿಗೆ ಆ ಹಕ್ಕಿದೆ.

ಗಿಡ ನೆಟ್ಟವಳು ನನ್ನ ಹೆಂಡತಿ ಕಮಲ. ಅವಳಿಗೆ ಮಂಡಿನೋವು. ಅವಳ ತವರಿನಲ್ಲಿ ದನಕ್ಕೆ ಹೊಟ್ಟೆ ಉಬ್ಬರಿಸಿದರೂ, ಎತ್ತಿನ ಕಾಲು ಉಳುಕಿದರೂ ಇದರ ಸೊಪ್ಪೇ ಮದ್ದಂತೆ. ಎಲೆಯನ್ನು ಕೊಬ್ಬರಿ ಎಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಕಾಯಿಸಿ, ಸೋಸಿ, ಸಂಜೆ ಹೊತ್ತು ಮಂಡಿಗೆ ತಿಕ್ಕಿಕೊಳ್ಳುತ್ತಿದ್ದಳು. ಮಗಳು ಶುಭ ಮೂಗು ಮುಚ್ಚಿಕೊಂಡು ಮನೆಯ ಕಿಟಕಿಗಳನ್ನೆಲ್ಲ ತೆಗೆಯುತ್ತಿದ್ದಳು. ಕಮಲ ಮಾತ್ರ ಆಮೇಲೆ ಕಂಬಿ ಹಿಡಿಯದೆ ಮೆಟ್ಟಿಲು ಹತ್ತುತ್ತಿದ್ದಳು.

ಗಿಡ ಮನೆಗೆ ಬಂದ ದಿನ ನಾನು, ಇದೇನೆಂದು ಕೇಳಿದೆ.

"ಭಂಗಿ ಕಣ್ರೀ" ಅಂದಳು.

ಹಳ್ಳಿಯ ಕಡೆ ಗಾಂಜಾ ಸೊಪ್ಪಿಗೆ ಭಂಗಿ ಎನ್ನುತ್ತಾರೆ ಎಂಬುದು ನನಗೆ ತಿಳಿಯದ್ದಲ್ಲ. ಆದರೆ ಇಡೀ ಸೇವೆಯಲ್ಲಿ ನನ್ನ ಬಾಯಲ್ಲಿ ಆ ಮಾತಿಗೆ ಇದ್ದದ್ದು ಒಂದೇ ಅರ್ಥ, ನಿಲ್ಲುವ ರೀತಿ. ಮೈದಾನದಲ್ಲಿ ನಾನು "ಭಂಗಿ!" ಎಂದು ಕೂಗಿದರೆ ಗೂನು ಬೆನ್ನುಗಳೆಲ್ಲ ಒಮ್ಮೆಗೇ ನೆಟ್ಟಗಾಗುತ್ತಿದ್ದವು. ವಯಸ್ಸಾಯಿತು, ಬೆನ್ನು ಬಾಗಿದೆ, ಹೆಂಡತಿ ಎಚ್ಚರಿಸುತ್ತಿದ್ದಾಳೆ ಎಂದು ತಿಳಿದು ನಾನು ಎದೆ ಮುಂದೆ ಮಾಡಿ, ಗದ್ದ ಒಳಗೆಳೆದು, ಸಾವಧಾನ್ ಸ್ಥಿತಿಯಲ್ಲಿ ನಿಂತೆ. ಕಮಲ ನನ್ನನ್ನು ನೋಡಿದಳು. ಗಿಡವನ್ನು ನೋಡಿದಳು. ಬಟ್ಟೆ ಒಗೆಯುವ ಮೆಷಿನ್ನಿಗೆ ಒರಗಿಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಅಂದಿನಿಂದ ನಾನು ಎಲ್ಲಿ ಕುಗ್ಗಿ ಕೂತರೂ ಹಿಂದಿನಿಂದ ಹಾದುಹೋಗುತ್ತ, "ಭಂಗಿ ಕಣ್ರೀ" ಅನ್ನುವಳು. ನಾನು ನೆಟ್ಟಗಾಗುವೆ.

ಕಳೆದ ಚಳಿಗಾಲದಲ್ಲಿ ಕಮಲ ಹೋದಳು. ಮಂಡಿಯಿಂದಲ್ಲ, ಹೃದಯದಿಂದ. ನಾವೆಲ್ಲರೂ ಮಂಡಿಯನ್ನೇ ನೋಡುತ್ತಿದ್ದೆವು.

ಅವಳ ಸೀರೆಗಳನ್ನು ಶುಭ ಮಡಿಸಿ ಎತ್ತಿಟ್ಟಳು. ಕನ್ನಡಕ, ಚಪ್ಪಲಿ, ಊರುಗೋಲು, ಎಲ್ಲವೂ ಇದ್ದಲ್ಲೇ ಇದ್ದವು. ಅವಳದು ಅಂತ ಉಳಿದದ್ದರಲ್ಲಿ ಉಸಿರಾಡುತ್ತಿದ್ದದ್ದು ಗರಾಜಿನ ಆ ಗಿಡ ಒಂದೇ. ಅದರ ನೆತ್ತಿಯ ಮೇಲೆ ಅವಳೊಂದು ದೀಪ ತೂಗುಹಾಕಿದ್ದಳು. ತಾನಾಗಿಯೇ ಹತ್ತಿ ತಾನಾಗಿಯೇ ಆರುವ ಏರ್ಪಾಡು ಅದಕ್ಕಿತ್ತು. ಹೊತ್ತು ಮುಳುಗಿದ ಮೇಲೂ ಅದು ಉರಿಯುವುದನ್ನು ಕಂಡು, ದೀಪ ಆರಿಸುವ ವೇಳೆ ಅನ್ನುವುದೊಂದು ಬೇಡವೇ ಎಂದು ನಾನು ತಕರಾರು ಮಾಡುತ್ತಿದ್ದೆ. ಬೆಳಕು ಕಡಿಮೆಯಾದರೆ ಗಿಡ ಹೂ ಬಿಡುತ್ತದೆ, ಹೂ ಬಿಟ್ಟರೆ ಅದರ ಆಯುಷ್ಯ ಮುಗಿದ ಹಾಗೆ, ಇದೇನು ನಿಮ್ಮ ಹಾಸ್ಟೆಲ್ ಹುಡುಗನಲ್ಲ ಎಂದು ಅವಳು ನನ್ನ ಬಾಯಿ ಮುಚ್ಚಿಸಿದ್ದಳು. ಅವಳು ಹೋದ ಮೇಲೆ ನಾನು ಆ ದೀಪವನ್ನು ಮುಟ್ಟಲಿಲ್ಲ. ಸಂಜೆ ಅದರ ಕೆಳಗೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದೆ. ಗಿಡವನ್ನು ಕಾಯುತ್ತಿದ್ದೇನೆ ಎಂದು ಮಗಳಿಗೆ ಹೇಳುತ್ತಿದ್ದೆ.

ಹೀಗಿರುವಾಗ ಎಲೆಗಳು ಹಳದಿ ತಿರುಗಿದವು. ಕುಂಡವನ್ನು ಎತ್ತಿ ನೋಡಿದರೆ ತಳದ ತೂತುಗಳಿಂದ ಬೇರು ಹೊರಗೆ ಇಣುಕುತ್ತಿತ್ತು. ಎರಡು ಮನೆ ಆಚೆಯ ಶೆಟ್ಟರನ್ನು ಕರೆದೆ. ಅವರು ಉಡುಪಿಯವರು. ಹಿತ್ತಲಿನಲ್ಲಿ ಬಸಳೆ ಚಪ್ಪರ ಹಾಕಿ ಇಡೀ ಬೀದಿಗೆ ಸೊಪ್ಪು ಹಂಚುವವರು. ಕಮಲ ನರ್ಸರಿಗೆ ಹೋಗಿ ಈ ಸಸಿ ತಂದದ್ದು ಅವರ ಕಾರಿನಲ್ಲೇ. ಲಾಸ್ ಏಂಜಲೀಸಿನ ತಂಗಿಯ ಮನೆಗೆ ಹೊರಟು ನಿಂತಿದ್ದವರು, ಕಾರಿನ ಬೀಗದ ಕೈಯನ್ನು ಬೆರಳಲ್ಲಿ ತಿರುಗಿಸುತ್ತಲೇ ಬಂದು ನೋಡಿದರು.

"ಬೇರು ಸುತ್ತಿಕೊಂಡು ಕೂತಿದೆ ಮಾರಾಯ್ರೆ, ಅದಕ್ಕೆ ಜಾಗ ಇಲ್ಲ. ದೊಡ್ಡ ಕುಂಡಕ್ಕೆ ಹಾಕಿ. ಬದಿಯ ಬೇರು ಸ್ವಲ್ಪ ಸವರಿ. ಆದ್ರೆ ಅದಕ್ಕಿಂತ ಮೊದ್ಲು ಎರಡು ಕಟಿಂಗ್ ಮಾಡಿ. ಮರೀಬೇಡಿ ಮೇಷ್ಟ್ರೇ, ಎರಡು ಕಟಿಂಗ್."

ಮರೆಯುವ ಮನುಷ್ಯನೇ ನಾನು? ಶೆಟ್ಟರ ಕಾರು ತಿರುವು ದಾಟುವವರೆಗೂ ಮನಸ್ಸಿನಲ್ಲಿ ಅದನ್ನೇ ಪಠಿಸಿದೆ.

ಈಗ ತಾವು ಒಂದು ಸಂಗತಿಯನ್ನು ಗಮನಿಸಬೇಕು. ನಮ್ಮ ಹಾಸ್ಟೆಲಿನಲ್ಲಿ ಕಟಿಂಗ್ ಅಂದರೆ ಒಂದೇ. ಹುಣಸೆ ಮರದ ಕೆಳಗೆ ಕ್ಷೌರಿಕರು ಬಂದು ಕೂರುತ್ತಿದ್ದರು, ಹುಡುಗರು ಸಾಲಾಗಿ ನಿಲ್ಲುತ್ತಿದ್ದರು, ಹಿಡಿದರೆ ಕೈಗೆ ಸಿಗದಷ್ಟು ಕೂದಲು ಹೋಗುವವರೆಗೆ ನಾನು ಯಾರನ್ನೂ ಬಿಡುತ್ತಿರಲಿಲ್ಲ. ಹಾಗಾದರೆ ಗಿಡಕ್ಕೆ ಎರಡು ಕಟಿಂಗ್ ಏಕೆ? ಯೋಚಿಸಿದೆ. ಹೊಳೆಯಿತು. ಹುಡುಗನಿಗೆ ಕೂದಲು ಇರುವುದು ಮೇಲೆ ಮಾತ್ರ. ಗಿಡಕ್ಕೆ ಮೇಲೂ ಇದೆ, ಕೆಳಗೂ ಇದೆ. ಮೇಲೊಂದು ಕಟಿಂಗ್, ಕೆಳಗೊಂದು ಕಟಿಂಗ್! ಶೆಟ್ಟರ ಶಾಸ್ತ್ರಜ್ಞಾನಕ್ಕೆ ಮನಸ್ಸಿನಲ್ಲೇ ನಮಸ್ಕರಿಸಿದೆ.

ಭಾನುವಾರ ಮಗಳು, ಅಳಿಯ ಗ್ರಾಸರಿಗೆ ಹೋದ ಹೊತ್ತು ಕಾರ್ಯಾಚರಣೆ ಆರಂಭವಾಯಿತು. ಮೊದಲನೆಯ ಕಟಿಂಗು ಸುಸೂತ್ರವಾಗಿ ನಡೆಯಿತು. ಎಳೆಯ ಕುಡಿಗಳನ್ನೆಲ್ಲ ಕತ್ತರಿಯಿಂದ ಸಮನಾಗಿ ಇಳಿಸಿದೆ. ಗಿಡ ಹಾಸ್ಟೆಲಿಗೆ ಹೊಸದಾಗಿ ಸೇರಿದ ಹುಡುಗನ ಹಾಗೆ, ಕಿವಿ ದೊಡ್ಡದಾಗಿ, ಅಳುಮೋರೆಯಲ್ಲಿ ಕಂಡಿತು. ಕತ್ತರಿಸಿದ ಕುಡಿಗಳನ್ನು ಗುಡಿಸಿ ಹಸಿರು ಕಸದ ತೊಟ್ಟಿಗೆ ಹಾಕಿದೆ. ಶುಚಿತ್ವ ಮುಖ್ಯ.

ಎರಡನೆಯದಕ್ಕೆ ಗಿಡ ಕುಂಡ ಬಿಟ್ಟು ಬರಬೇಕಲ್ಲ? ಬರಲಿಲ್ಲ. ಕುಂಡವನ್ನು ತಟ್ಟಿದೆ. ಗುದ್ದಿದೆ. ಎರಡು ಕಾಲಿನ ನಡುವೆ ಒತ್ತಿ ಹಿಡಿದು ಎಳೆದೆ. ಹಗ್ಗ ಜಗ್ಗಾಟದಲ್ಲಿ ಎದುರು ತಂಡ ಒಮ್ಮೆಗೇ ಕೈಬಿಟ್ಟರೆ ಆಗುವುದೇ ಆಯಿತು. ಕುಂಡ ಒಂದು ಕಡೆ, ನಾನು ಒಂದು ಕಡೆ, ಗಿಡ ನನ್ನ ಎದೆಯ ಮೇಲೆ. ಬೇರಿನ ಗಡ್ಡೆ ಒತ್ತು ಶಾವಿಗೆಯ ಮುದ್ದೆಯಂತೆ ಕುಂಡದ ಆಕಾರದಲ್ಲೇ ಗಟ್ಟಿಯಾಗಿ ಕೂತಿತ್ತು. ಹೊರಗೆ ಒಯ್ದು ರಬ್ಬರ್ ಪೈಪಿನಲ್ಲಿ ಮಣ್ಣಿನ ಒಂದು ಕಣ ಉಳಿಯದಂತೆ ಸ್ನಾನ ಮಾಡಿಸಿದೆ. ಶೆಟ್ಟರು ಹೇಳಿದ್ದು ಸ್ವಲ್ಪ ಎಂದು. ಆದರೆ ಸ್ವಲ್ಪ ಎಂಬುದು ಶಿಸ್ತಿನ ಮಾತಲ್ಲ, ಒಬ್ಬೊಬ್ಬರಿಗೆ ಒಂದೊಂದು. ಅರ್ಧ ಎಂಬುದು ಎಲ್ಲರಿಗೂ ಒಂದೇ. ಬ್ರೆಡ್ಡು ಕೊಯ್ಯುವ ಚಾಕುವಿನಿಂದ ಅರ್ಧ ಕೊಯ್ದೆ.

ಹೊಸ ಕುಂಡದಲ್ಲಿ ನಿಲ್ಲಿಸಿ, ಮಣ್ಣು ತುಂಬಿ, ಅಲುಗಾಡದಿರಲೆಂದು ಬೂಟುಗಾಲಿನಿಂದ ಚೆನ್ನಾಗಿ ತುಳಿದೆ. ಗಿಡ ವಾಲಿತು. ಹಳೆಯ ಪೊರಕೆಯ ಕೋಲನ್ನು ಪಕ್ಕದಲ್ಲಿ ಹುಗಿದು, ಕಟ್ಟಲು ಬೇರೇನೂ ಸಿಗದೆ ನನ್ನ ಎಡಗಾಲಿನ ಬೂಟಿನ ಲೇಸು ಬಿಚ್ಚಿ ಬಿಗಿದೆ. ಸಾವಧಾನ್! ಗಿಡ ನಿಂತಿತು. ಕಮಲ ನೋಡಬೇಕಿತ್ತು ಅನ್ನಿಸಿತು.

ಸೋಮವಾರ ಎಲೆಗಳು ತಲೆ ತಗ್ಗಿಸಿದವು. ಬಾಯಾರಿಕೆ ಇರಬೇಕೆಂದು ನೀರು ಹಾಕಿದೆ. ಮಂಗಳವಾರ ಇನ್ನಷ್ಟು ಜೋತವು. ಇನ್ನಷ್ಟು ನೀರು ಹಾಕಿದೆ. ಒಗೆಯುವ ಮೆಷಿನ್ನು ಗರಾಜಿನಲ್ಲೇ ಇರುವುದರಿಂದ ಶುಭ ಬಟ್ಟೆ ಬುಟ್ಟಿ ಹಿಡಿದು ಬಂದಳು. ಮಾತೃಭಕ್ತಿಯಿಂದಲ್ಲದಿದ್ದರೂ ಅಭ್ಯಾಸಬಲದಿಂದ ಗಿಡದ ಕಡೆ ನೋಡಿದಳು.

"ಅಪ್ಪ, ಅಮ್ಮನ ಗಿಡಕ್ಕೆ ಏನಾಯ್ತು?"

"ವಿಶ್ರಾಮ್ ಸ್ಥಿತಿಯಲ್ಲಿದೆ" ಎಂದೆ.

ಅವಳು ನನ್ನ ಲೇಸಿಲ್ಲದ ಬೂಟನ್ನು ನೋಡಿದಳು. ಬಟ್ಟೆಯನ್ನು ಮೆಷಿನ್ನಿಗೆ ತುಂಬತೊಡಗಿದಳು.

ಗುರುವಾರ ಬೆಳಿಗ್ಗೆ ಶೆಟ್ಟರು ವಾಪಸು ಬಂದರು. ಪೆಟ್ಟಿಗೆಯನ್ನೂ ಇಳಿಸದೆ ನೇರವಾಗಿ ಗರಾಜಿಗೆ ಬಂದು, ಗಿಡದ ಮುಂದೆ ನಿಂತು, ಜೋತ ಎಲೆಯೊಂದನ್ನು ಬೆರಳಲ್ಲಿ ಎತ್ತಿ ನೋಡಿದರು. ಆಮೇಲೆ ಮೆತ್ತಗೆ ಕೇಳಿದರು.

"ಕಟಿಂಗ್ ಎಲ್ಲಿ ಉಂಟು?"

"ಮಾಡಿದ್ದೇನಲ್ಲ" ಎಂದು ಗಿಡದ ಬೋಳು ನೆತ್ತಿಯನ್ನು ತೋರಿಸಿದೆ. "ಒಂದು ಮೇಲೆ, ಒಂದು ಕೆಳಗೆ."

ಶೆಟ್ಟರು ಬಕೆಟ್ಟನ್ನು ಮಗುಚಿ ಅದರ ಮೇಲೆ ಕೂತರು.

"ಕಟಿಂಗ್ ಅಂದ್ರೆ ಕ್ಷೌರ ಅಲ್ಲ ಮಾರಾಯ್ರೆ. ಎರಡು ಕುಡಿ ಕತ್ತರಿಸಿ ನೀರಲ್ಲಿ ಇಡೋದು. ಅದು ಬೇರು ಬಿಡ್ತದೆ. ದೊಡ್ಡದು ಸತ್ರೂ ಅದೇ ಗಿಡ ಮತ್ತೆ ಬರ್ತದೆ. ಕಮಲಕ್ಕನ ಗಿಡ ಅಂತಲೇ ನಾನು ಎರಡು ಸಲ ಹೇಳಿದ್ದು."

ಆ ಗಿಡವೇ ಮತ್ತೆ. ಮಗಳೂ ಅಲ್ಲ, ಮೊಮ್ಮಗಳೂ ಅಲ್ಲ, ಅವಳು ನೆಟ್ಟ ಅದೇ ಗಿಡ. ಅಂಥ ಕುಡಿಗಳು ಒಂದಲ್ಲ ಎರಡಲ್ಲ, ಒಂದು ಮೊರದ ತುಂಬ ಇದ್ದವು. ಶುಚಿತ್ವ ಮುಖ್ಯವೆಂದು ಅವನ್ನು ಎಲ್ಲಿಗೆ ಗುಡಿಸಿದ್ದೆ ಎಂಬುದು ನೆನಪಾದದ್ದೂ, ಮನೆಯ ಮುಂದೆ ಕಸದ ಲಾರಿ ಗುಡುಗಿದ್ದೂ ಒಟ್ಟಿಗೇ ಆಯಿತು.

ಓಡಿದೆ. ಅಷ್ಟು ವರ್ಷ ಓಟ ಕಲಿಸಿದವನು ಓಡುವುದನ್ನು ಅಂದು ಇಡೀ ಬೀದಿ ನೋಡಿತು. ನಮ್ಮ ತೊಟ್ಟಿ ಆಗಲೇ ಬರಿದಾಗಿ ಬಾಯಿ ತೆರೆದು ನಿಂತಿತ್ತು. ಲಾರಿ ಮುಂದಿನ ಮನೆಗೆ, ಅದರ ಮುಂದಿನ ಮನೆಗೆ ಸರಿಯುತ್ತಿತ್ತು. ಲೇಸಿಲ್ಲದ ಎಡಬೂಟು ಮೂರನೆಯ ಮನೆಯ ಮುಂದೆ ನನ್ನನ್ನು ತೊರೆಯಿತು. ಅಭ್ಯಾಸಬಲದಿಂದ ಇವತ್ತಿಗೂ ಜೇಬಿನಲ್ಲಿರುವ ಸೀಟಿಯನ್ನು ತೆಗೆದು ಪೂರ್ಣ ಉಸಿರಿನಿಂದ ಊದಿದೆ. ಲಾರಿ ನಿಂತಿತು. ನಾಯಿಗಳು ನಿಂತವು. ನಡೆಯುತ್ತಿದ್ದ ಇಬ್ಬರು ಅಜ್ಜಿಯರೂ ನಿಂತರು.

ಚಾಲಕ ಇಳಿದು ಬಂದು, ಏನಾದರೂ ಬೆಲೆಬಾಳುವುದು ಬಿತ್ತೇ, ಉಂಗುರವೇ ಎಂದು ಇಂಗ್ಲಿಷಿನಲ್ಲಿ ಕೇಳಿದ. ಪಾಪ, ಮರ್ಯಾದಸ್ಥ ಮನುಷ್ಯ. ಏನೆಂದು ಹೇಳಲಿ? ಗಾಂಜಾ ಎನ್ನಲೇ? ನನಗೆ ಏದುಸಿರು. ನನ್ನ ಇಂಗ್ಲಿಷು ಇದ್ದಬದ್ದದ್ದೆಲ್ಲ ಓಟದಲ್ಲಿ ಉದುರಿಹೋಗಿತ್ತು. "ಮೈ ವೈಫ್" ಎಂದೆ. ಲಾರಿಯ ಕಡೆ ಕೈ ತೋರಿಸಿದೆ.

ಅವನು ಗಾಬರಿಯಿಂದ ಲಾರಿಯೊಳಗೆ ನೋಡಿದ.

ಶೆಟ್ಟರು ಕೈಯಲ್ಲಿ ನನ್ನ ಬೂಟು ಹಿಡಿದು ಹಿಂದೆಯೇ ಬಂದು ಅವನಿಗೆ ವಿವರಿಸಿದರು. ಏನು ಹೇಳಿದರೋ, ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಭಾನುವಾರ ಹಾಕಿದ ಎಳೆಕುಡಿ ಗುರುವಾರದವರೆಗೆ ತೊಟ್ಟಿಯ ಸೆಕೆಯಲ್ಲಿ ಬದುಕಿರುವುದಿಲ್ಲ, ಸಿಕ್ಕಿದ್ದರೂ ಪ್ರಯೋಜನವಿರಲಿಲ್ಲ ಎಂದು ಶೆಟ್ಟರು ದಾರಿಯುದ್ದಕ್ಕೂ ಸಮಾಧಾನ ಮಾಡಿದರು. ಗಿಡದಲ್ಲಿ ಒಂದಾದರೂ ಎಳೆಕುಡಿ ಉಳಿದಿದೆಯೇ ಎಂದು ಹುಡುಕಿದರು. ನನ್ನ ಶಿಸ್ತು ಒಂದನ್ನೂ ಉಳಿಸಿರಲಿಲ್ಲ. ಬೇರು ಅರ್ಧವೂ ಇಲ್ಲ, ಕುಡಿಯಲು ಶಕ್ತಿ ಇಲ್ಲದ್ದಕ್ಕೆ ನೀವು ನೀರು ಕುಡಿಸಿದಿರಿ ಎಂದಷ್ಟೇ ಹೇಳಿ ಮನೆಗೆ ಹೋದರು.

ಸಂಜೆ ಮಗಳಿಗೆ ಎಲ್ಲವನ್ನೂ ಹೇಳಿದೆ. ಬೈಗುಳ ನಿರೀಕ್ಷಿಸಿ ನೆಟ್ಟಗೆ ನಿಂತೆ. ಶುಭ ಬೈಯಲಿಲ್ಲ. ನೆಲದ ಮೇಲೆ ಉದುರಿದ್ದ ಎಲೆಗಳನ್ನು ಒಂದೊಂದಾಗಿ ಆಯ್ದು ಮಡಿಲಿಗೆ ಹಾಕಿಕೊಂಡಳು. ಗಿಡದಲ್ಲಿ ಜೋತಿದ್ದವನ್ನೂ ಬಿಡಿಸಿದಳು. ಅಡುಗೆಮನೆಗೆ ಹೋಗಿ ಕೊಬ್ಬರಿ ಎಣ್ಣೆ ಇಟ್ಟಳು. ಅವಳಮ್ಮ ಮಾಡುತ್ತಿದ್ದದ್ದನ್ನು ಮೂಗು ಮುಚ್ಚಿಕೊಂಡೇ ನೋಡಿ ಕಲಿತಿದ್ದಳು ಎಂಬುದು ನನಗೆ ಆಗಲೇ ತಿಳಿದದ್ದು.

ವಾಸನೆ ಎದ್ದು ಮನೆಯೆಲ್ಲ ಹಬ್ಬಿತು. ಕಮಲ ಮಂಡಿ ಉಜ್ಜಿಕೊಂಡು ಈಗ ಮೆಟ್ಟಿಲು ಹತ್ತುತ್ತಾಳೆ ಅನ್ನುವಂಥ ವಾಸನೆ. ಹಿಂದೆ ಮಗಳು ಮಾಡುತ್ತಿದ್ದಂತೆ ನಾನು ಕಿಟಕಿ ತೆಗೆಯಲು ಎದ್ದೆ.

"ಬೇಡ ಅಪ್ಪ. ಹಾಗೇ ಇರಲಿ" ಅಂದಳು ಶುಭ.

ಸೋಸಿದ ಮೇಲೆ ಒಂದು ಸಣ್ಣ ಬಾಟಲಿಯಷ್ಟಾಯಿತು. ಅದನ್ನು ಇನ್ನೂ ಯಾರೂ ಹಚ್ಚಿಕೊಂಡಿಲ್ಲ. ಆಗಾಗ ಮುಚ್ಚಳ ತೆಗೆದು ಮುಚ್ಚುತ್ತೇವೆ. ನಾನು ತೆಗೆದದ್ದು ಅವಳಿಗೆ ಗೊತ್ತಾಗುತ್ತದೆ, ಅವಳು ತೆಗೆದದ್ದು ನನಗೆ.

ಗರಾಜಿನ ದೀಪ ಇವತ್ತಿಗೂ ತಾನಾಗಿಯೇ ಹತ್ತುತ್ತದೆ. ಹಾಸ್ಟೆಲಿನಲ್ಲಿ ದೀಪ ಆರಿಸುವುದನ್ನು ಒಂದು ದಿನವೂ ತಪ್ಪಿಸದವನಿಗೆ ಇದೊಂದನ್ನು ಆರಿಸಲು ಕೈ ಬಂದಿಲ್ಲ. ಅದರ ಕೆಳಗೆ ನಾನು ಕುಗ್ಗಿ ಕೂರುತ್ತೇನೆ. ಯಾರೂ ಏನೂ ಅನ್ನುವುದಿಲ್ಲ. ಎದುರಿಗೆ, ಗಿಡ ಒಣಗಿಹೋದ ಮೇಲೆ ಬರೀ ಮಣ್ಣು ಉಳಿದ ಕುಂಡ, ಅದರಲ್ಲಿ ಬೂಟಿನ ಲೇಸು ಸುತ್ತಿಕೊಂಡ ಪೊರಕೆ ಕೋಲು. ಎದೆ ಮುಂದೆ, ಗದ್ದ ಒಳಗೆ, ಎಳ್ಳಷ್ಟೂ ವಾಲದ ಭಂಗಿ.

ನಾನು ನೆಟ್ಟದ್ದರಲ್ಲಿ ಇವತ್ತಿಗೂ ನೆಟ್ಟಗಿರುವುದು ಅದೊಂದೇ.